ತಾತನ ತಾತ ಮತ್ತು ಹೆಸರಿಲ್ಲದ ಅಜ್ಜಿ

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ಒಂದು ದೊಡ್ಡ ಬಿಳಿ ಹಾಳೆ ಹಿಡಿದು ಬಂದಳು. ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರಂತೆ.

"ತಾತಾ, ನಿಮ್ಮ ತಾತನ ತಾತ ಏನು ಮಾಡ್ತಿದ್ರು?"

ನಾನು ಎದೆಯುಬ್ಬಿಸಿ ಹೇಳಿದೆ: "ಅವನು ಸಿಪಾಯಿ! ದೇವನಹಳ್ಳಿ ಕೋಟೆಯಲ್ಲಿ ಬ್ರಿಟಿಷರ ಮೇಲೆ ಕತ್ತಿ ಬೀಸಿದವನು." ದೊಡ್ಡಬಳ್ಳಾಪುರದ ಪಕ್ಕದ ನಮ್ಮ ಹಳ್ಳಿಯ ಜಗಲಿಯಲ್ಲಿ ಚಿಕ್ಕಂದಿನಿಂದ ಕೇಳಿದ ಕಥೆ ಅದು.

"ಯಾವ ಇಸವಿ ತಾತಾ?"

ಬಾಯಿ ಕಟ್ಟಿತು. 36 ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನಿಗೆ ಇಸವಿ ಗೊತ್ತಿಲ್ಲವೆಂದರೆ ಹೇಗೆ? ಹಳೆಯ ಟ್ರಂಕು ತೆಗೆದೆ. ತಾತ 1928ರಲ್ಲಿ ಬರೆಸಿದ ಕ್ರಯಪತ್ರ ಸಿಕ್ಕಿತು. ಅದರಲ್ಲಿ ಅವರ ವಯಸ್ಸು ಸುಮಾರು 30. ಅಂದರೆ ಹುಟ್ಟಿದ್ದು 1898ರ ಸುಮಾರಿಗೆ. ತಲೆಮಾರಿಗೆ 30 ವರ್ಷ ಹಿಡಿದರೆ, ಅವರ ತಾತ ಹುಟ್ಟಿದ್ದು 1838ರ ಆಸುಪಾಸು. ದೇವನಹಳ್ಳಿ ಕೋಟೆ ಕಾರ್ನ್‌ವಾಲಿಸನ ಸೇನೆಗೆ ವಶವಾದದ್ದು 1791ರಲ್ಲಿ. ಹುಟ್ಟುವುದಕ್ಕೆ 47 ವರ್ಷ ಮೊದಲೇ ಕತ್ತಿ ಬೀಸಲು ಸಾಧ್ಯವೇ? ಲೆಕ್ಕ ತಾಳೆಯಾಗಲಿಲ್ಲ.

ಹಾಗಾದರೆ ನಿಜ ಯಾರಿಗೆ ಗೊತ್ತು? ಹೆಳವರಿಗೆ! ಮಕ್ಕಳೇ, ನೀವು ಹೆಳವರನ್ನು ನೋಡಿರಲಿಕ್ಕಿಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಂದು, ಮನೆಮನೆಯ ವಂಶಾವಳಿಯನ್ನು ಹಾಡಿದಂತೆ ಹೇಳಿ, ದವಸ ಪಡೆದು ಹೋಗುತ್ತಿದ್ದರು. ನಮ್ಮ ಮನೆತನದ ಹೆಳವರ ವಂಶದ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋದೆ. ಅವರು ಬಟ್ಟೆಯಲ್ಲಿ ಸುತ್ತಿಟ್ಟ ಪುಸ್ತಕ ಬಿಚ್ಚಿದರು.

ತಾತನ ತಾತ ಮೂರು ಕೆಲಸ ಮಾಡಿದ್ದನಂತೆ. ಮಳೆಗಾಲದಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ. ನಂದಿ ಬೆಟ್ಟದಲ್ಲಿ ಹುಟ್ಟಿ ಕಾವೇರಿ ಸೇರುವ ಅರ್ಕಾವತಿ ಆಗ ತುಂಬಿ ಹರಿಯುತ್ತಿತ್ತು. ಬಿದಿರು ಹೆಣೆದು, ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಯೇ ಹರಿಗೋಲು. ನೀರಿಳಿದ ಮೇಲೆ ರಾಗಿ ಹೊಲ. ಕರೆ ಬಂದಾಗ ಕಂದಾಚಾರ. ಊರಲ್ಲಿ ಬೇಸಾಯ ಮಾಡಿಕೊಂಡೇ ಸರ್ಕಾರದ ಕಾವಲು ಕಾಯುತ್ತಿದ್ದ ಮೈಸೂರು ಸೀಮೆಯ ದಂಡಿಗೆ ಹಾಗೆನ್ನುತ್ತಿದ್ದರು. ಸಿಪಾಯಿ ಎಂಬುದು ಸುಳ್ಳಲ್ಲ. ಕತ್ತಿ ಬೀಸಿದ್ದು ಮಾತ್ರ ಜಗಲಿಯಲ್ಲಿ ಬೆಳೆದ ಬಾಲ.

ಮುಂದಿನ ಸಾಲು ಓದುವಾಗ ಹಿರಿಯರ ದನಿ ತಗ್ಗಿತು. ಅವನಿಗೆ ಮೂವರು ಗಂಡುಮಕ್ಕಳು. ಇಬ್ಬರ ಹೆಸರು ಅಲ್ಲಿಗೇ ನಿಂತಿದೆ. ಕಾರಣ, ಬರ. 1876ರಿಂದ 1878ರವರೆಗಿನ ಆ ಮಹಾ ಕ್ಷಾಮ ಮೈಸೂರು ಸಂಸ್ಥಾನವನ್ನೇ ಬರಿದು ಮಾಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕಡಿಮೆಯಾಗಿತ್ತು. ಆ ಅಂಕಿಗಳನ್ನು ನಾನು ಹಿಂದೆಯೂ ಓದಿದ್ದೆ. ಅದರಲ್ಲಿ ಇಬ್ಬರು ನಮ್ಮ ಮನೆಯವರೆಂದು ತಿಳಿದಿರಲಿಲ್ಲ.

ಮನೆಗೆ ಬಂದು ಎಲ್ಲ ಹೇಳಿದೆ. ಮೊಮ್ಮಗಳು ಹೆಸರುಗಳನ್ನು ಬರೆದು ಕೇಳಿದಳು: "ಇದರಲ್ಲಿ ಅಮ್ಮಂದಿರೇ ಇಲ್ವಲ್ಲ?"

ಹೌದಲ್ಲ! ಆ ಪುಸ್ತಕದಲ್ಲಿ ಬರೀ ಗಂಡಸರೇ. 90 ದಾಟಿದ ನಮ್ಮ ಸೋದರತ್ತೆಯ ಬಳಿ ಹೋದೆವು. ಅತ್ತೆ ಕಣ್ಣು ಮುಚ್ಚಿ ನೆನಪಿಸಿಕೊಂಡರು. ಬರದಲ್ಲಿ ಆ ಸಿಪಾಯಿಯ ಹೆಂಡತಿ ಉಳಿದ ಒಬ್ಬ ಮಗನ ಕೈಹಿಡಿದು, ಸೊಪ್ಪು ಬೇಯಿಸಿ ತಿನ್ನಿಸುತ್ತಾ, ತವರಿನವರೆಗೆ ನಡೆದೇ ಹೋದಳಂತೆ. ಆ ಹುಡುಗನೇ ನನ್ನ ತಾತನ ಅಪ್ಪ. ಆಕೆಯ ಹೆಸರು? ಅತ್ತೆಗೂ ನೆನಪಿಲ್ಲ. ಅವರಿಗೆ ಹೇಳಿದವರೂ "ಅಜ್ಜಿ" ಎಂದಷ್ಟೇ ಅನ್ನುತ್ತಿದ್ದರಂತೆ.

ಮೊಮ್ಮಗಳು ಹಾಳೆಯಲ್ಲಿ ಸಿಪಾಯಿಯ ಪಕ್ಕ ಒಂದು ಖಾಲಿ ಚೌಕ ಬರೆದು, ಒಳಗೆ "ನಡೆದು ಹೋದ ಅಜ್ಜಿ" ಎಂದು ಬರೆದಳು.

ಮಕ್ಕಳೇ, ಈ ಭಾನುವಾರ ನಿಮ್ಮ ಅಜ್ಜ ಅಜ್ಜಿಯ ಮುಂದೆ ನೋಟ್‌ಬುಕ್ ಹಿಡಿದು ಕೂರಿ. ಹೆಸರು, ಊರು, ಮಾಡಿದ ಕೆಲಸ ಬರೆದುಕೊಳ್ಳಿ. ಅಜ್ಜಿಯರ ತವರಿನ ಹೆಸರನ್ನೂ ಕೇಳಿ. ಅಜ್ಜಂದಿರೇ, ಮಕ್ಕಳು ಇಸವಿ ಕೇಳಿದರೆ ಬೇಸರ ಪಡಬೇಡಿ. ನನಗೆ ಕತ್ತಿ ಬೀಸಿದ ವೀರ ಒಬ್ಬ ಕಡಿಮೆಯಾದ ನಿಜ. ಆದರೆ ಹರಿಗೋಲಿನ ತಾತ, ನಡೆದು ಹೋದ ಅಜ್ಜಿ ಇಬ್ಬರೂ ಮನೆಗೆ ಬಂದರು.