ಮನೆಯಲ್ಲಿ ಹಂದಿ ಇದ್ದರೆ

ಹಂದಿಯ ಹೆಸರು ತೆಗೆದರೆ ಬಹಳ ಮಂದಿ ಮೂಗು ಮುಚ್ಚಿಕೊಳ್ಳುತ್ತಾರೆ. "ಯವ್ವಾ, ಹೊಲಸು!" ಅನ್ನುತ್ತಾರೆ. ಆದರೆ ಹಂದಿ ಸಾಕಿ ಬದುಕುವ ಮನೆಗಳು ನಮ್ಮ ನಡುವೆಯೇ ಇವೆ. ಅಂಥ ಮನೆಯಲ್ಲಿ ಹಂದಿ ಅಂದರೆ ಮಗಳ ಮದುವೆ, ಮಗನ ಸಾಲಿ ಖರ್ಚು, ಕಷ್ಟಕಾಲದ ಗಂಟು.

ಬಾದಾಮಿಯ ಚಾಲುಕ್ಯ ರಾಜರ ಗುರುತೇ ವರಾಹ. ವರಾಹ ಅಂದರೆ ಹಂದಿ. ಬಾದಾಮಿ 1997ರ ತನಕ ನಮ್ಮ ಜಿಲ್ಲೆಯಲ್ಲೇ ಇತ್ತು. ಹಿಂದಿನ ಕಾಲದ ಬಂಗಾರದ ನಾಣ್ಯಕ್ಕೂ ವರಹ ಎಂದೇ ಹೆಸರು. ಗಂಟಿನಲ್ಲಿ ವರಹ ಬೇಕು, ಓಣಿಯಲ್ಲಿ ಹಂದಿ ಬೇಡ!

ತಾಯಿ ಸತ್ತ ಒಂದು ಮರಿಯನ್ನು ಮನೆಯೊಳಗೆ ತಂದೆವು ಅನ್ನಿ. ಮಕ್ಕಳು ಬಾಟಲಿಯಲ್ಲಿ ಹಾಲು ಕುಡಿಸುತ್ತಾರೆ. ನಾಲ್ಕು ದಿನದಲ್ಲಿ ಅದು ಹೆಸರು ಕರೆದರೆ ಓಡಿ ಬರುತ್ತದೆ. ನಾವು ನೀರಿಗೆ ಹೋದರೆ ಹಿಂದೆ ಹಿಂದೆ ಬರುತ್ತದೆ. ಹಂದಿ ಬಹಳ ಜಾಣ ಪ್ರಾಣಿ. ಜಾಗ ಸಾಕಷ್ಟು ಕೊಟ್ಟರೆ ಮಲಗುವ ಕಡೆ ಹೇಲುವುದಿಲ್ಲ. ಅದಕ್ಕೆ ಬೇರೆ ಮೂಲೆ ಹುಡುಕಿಕೊಳ್ಳುತ್ತದೆ.

ಮತ್ತೆ ರಾಡಿಯಲ್ಲಿ ಯಾಕೆ ಹೊರಳುತ್ತದೆ? ಹಂದಿಗೆ ನಮ್ಮಂತೆ ಬೆವರು ಬರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ನಾವು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತೇವೆ. ಹಂದಿ ಏನು ಮಾಡಬೇಕು? ಮೈ ತಂಪಾಗಲಿ ಎಂದು ಹಸಿ ಮಣ್ಣಿನಲ್ಲಿ ಹೊರಳುತ್ತದೆ. ಹಸಿ ಮಣ್ಣು ಸಿಗದಿದ್ದರೆ ಗಟಾರಕ್ಕೆ ಇಳಿಯುತ್ತದೆ. ನೆರಳು ಮಾಡಿ, ದಿನಕ್ಕೆ ಎರಡು ಸಲ ಮೈಮೇಲೆ ನೀರು ಹಾಕಿದರೆ ಗಟಾರದ ಗೊಡವೆ ಅದಕ್ಕೂ ಕಡಿಮೆ. ಬಟ್ಟೆ ಒಗೆದ ನೀರು ಬೇಡ, ಸೋಪು ಇರುತ್ತದೆ. ಕಾಳು, ಅಕ್ಕಿ ತೊಳೆದ ನೀರಾದರೂ ನಡೆಯುತ್ತದೆ.

ಕುಡಿಯುವ ನೀರು ಮಾತ್ರ ಸದಾ ಇರಬೇಕು. ಉಪ್ಪು ಹೆಚ್ಚಿದ ಮುಸುರೆ ತಿಂದು, ಕುಡಿಯಲು ನೀರು ಸಿಗದೆ ಹೋದರೆ ಹಂದಿ ಗಿರಗಿರ ತಿರುಗಿ ಬಿದ್ದು ಸಾಯಬಹುದು. ಮಾಟ ಮಾಡಿಸಿದರು ಎಂದು ಬಾಜು ಮನೆಯವರ ಜೊತೆ ಜಗಳ ತೆಗೆಯುವ ಮೊದಲು ನೀರಿನ ದೋಣಿ ನೋಡಬೇಕು.

ಈಗ ಬಹಳ ಮುಖ್ಯ ವಿಷಯ. ನಿಧಾನವಾಗಿ ಓದೋಣ.

ಲಂಗದ ಲಾಡಿ ನಮಗೆ ಗೊತ್ತು. ಹಾಗೇ ಚಪ್ಪಟೆಯಾಗಿ, ಉದ್ದವಾಗಿ ಇರುವ ಒಂದು ಹುಳ ಇದೆ. ಅದೇ ಲಾಡಿಹುಳು. ಅದು ಮನುಷ್ಯರ ಕರುಳಲ್ಲಿ ಬೆಳೆಯುತ್ತದೆ. ಎರಡು ಮೀಟರಿಗಿಂತ ಉದ್ದ ಆಗುತ್ತದೆ. ಅದರ ತತ್ತಿ ಮಲದಲ್ಲಿ ಹೊರಗೆ ಬೀಳುತ್ತದೆ. ಅಂಥವರು ಬಯಲಿಗೆ ಕೂತರೆ, ಬೀದಿಗೆ ಬಿಟ್ಟ ಹಂದಿ ಆ ಮಲ ತಿನ್ನುತ್ತದೆ. ಹಂದಿಯ ಮಾಂಸದಲ್ಲಿ ಅಕ್ಕಿಕಾಳಿನಂಥ ಗುಳ್ಳೆಗಳು ಆಗುತ್ತವೆ. ಆ ಮಾಂಸವನ್ನು ಅರೆಬರೆ ಬೇಯಿಸಿ ತಿಂದವರ ಕರುಳಲ್ಲಿ ಮತ್ತೆ ಲಾಡಿಹುಳು.

"ನಾವು ಹಂದಿ ಮುಟ್ಟಂಗಿಲ್ಲ, ತಿನ್ನಂಗಿಲ್ಲ. ನಮಗ್ಯಾಕ ಈ ಚಿಂತಿ?" ಎಂದು ಕೇಳುವವರಿದ್ದಾರೆ. ಅವರಿಗೂ ಚಿಂತೆ ಇದೆ. ಹುಳು ಇದ್ದವರು ಸಂಡಾಸಕ್ಕೆ ಹೋಗಿ ಬಂದು ಕೈ ತೊಳೆಯದೆ ರೊಟ್ಟಿ ಬಡಿದರೆ ತತ್ತಿ ನಮ್ಮ ಹೊಟ್ಟೆ ಸೇರುತ್ತದೆ. ಹೊಲಸು ನೀರು ಬಿಟ್ಟು ಬೆಳೆದ ಮೆಂತೆ, ಗಜ್ಜರಿಯನ್ನು ತೊಳೆಯದೆ ಹಸಿಯಾಗಿ ತಿಂದರೂ ಅಷ್ಟೇ. ಆಗ ಗುಳ್ಳೆ ಹಂದಿಯ ಮೈಯಲ್ಲಿ ಅಲ್ಲ, ನಮ್ಮ ಮಿದುಳಿನಲ್ಲೇ ಆಗಬಹುದು. ಅದರಿಂದ ಫಿಟ್ಸ್ ಬರುತ್ತದೆ. ಕಾಯಿಪಲ್ಲೆ ಮಾತ್ರ ತಿನ್ನುವ ಮನೆಯ ಮಗುವಿಗೂ ಬರಬಹುದು. ಹಂದಿ ಮುಟ್ಟಿದ್ದರಿಂದ ಬರುವುದಲ್ಲ. ಮನುಷ್ಯರ ಮಲದಿಂದ ಬರುವುದು. ಬೈಸಿಕೊಳ್ಳುವುದು ಮಾತ್ರ ಹಂದಿ!

ಎಲ್ಲ ಫಿಟ್ಸೂ ಇದರಿಂದಲೇ ಬರುವುದಿಲ್ಲ. ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿ ಹೇಳುತ್ತಾರೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ಬೇಡ. ಒಂದು ಮಗ್ಗುಲಿಗೆ ಮಲಗಿಸಬೇಕು. ಬಾಯಿಗೆ ಏನೂ ಹಾಕಬಾರದು. ಐದು ನಿಮಿಷವಾದರೂ ನಿಲ್ಲದಿದ್ದರೆ ಕೂಡಲೇ ದವಾಖಾನೆಗೆ ಒಯ್ಯಬೇಕು. ಡಾಕ್ಟರು ಕೊಟ್ಟ ಗುಳಿಗೆಯನ್ನು ನಮ್ಮ ಮನಸ್ಸಿಗೆ ಬಂದಾಗ ನಿಲ್ಲಿಸಬಾರದು. ಯಾರಿಗಾದರೂ ಮಲದಲ್ಲಿ ಬಿಳಿ ಚಪ್ಪಟೆ ತುಂಡು ಕಂಡರೆ ನಾಚಿಕೆ ಪಡದೆ ತೋರಿಸಬೇಕು. ಔಷಧ ಇದೆ.

ಅಂದಮೇಲೆ ಹಂದಿಯನ್ನು ಬೀದಿಗೆ ಬಿಡದೆ ಸಾಕಬೇಕು. ನಗರದಲ್ಲಿ ಸಾಕುವವರು ಮೊದಲು ಮಹಾನಗರ ಪಾಲಿಕೆಯಲ್ಲಿ ವಿಚಾರಿಸಬೇಕು. ಬೀದಿಗೆ ಬಿಟ್ಟ ಹಂದಿ ಹಿಡಿಸಿದರೆ ನಷ್ಟ ನಮ್ಮದೇ. ತಿಕೋಟಾ, ಬಬಲೇಶ್ವರದ ಕಡೆ ಹಿತ್ತಲು ದೊಡ್ಡದಿದ್ದರೆ ಕಲ್ಲಿನ ಗೋಡೆ ಕಟ್ಟಿ, ಮೇಲೆ ತಗಡು ಹಾಕಿ, ತಗಡಿನ ಮೇಲೆ ಕಣಿಕೆ ಹರಡಿದರೆ ತಂಪು. ನೆಲ ಸ್ವಲ್ಪ ಇಳಿಜಾರು ಇರಲಿ.

ಮುದ್ದಿನ ಮರಿಯಾದರೂ ಮಕ್ಕಳ ಮಗ್ಗುಲಲ್ಲಿ ಮಲಗಿಸಬಾರದು. ಮಿದುಳು ಜ್ವರದ ಒಂದು ಬಗೆಯ ರೋಗಾಣು ಹಂದಿಯ ಮೈಯಲ್ಲಿ ಬೆಳೆಯುತ್ತದೆ. ಅದನ್ನು ಸೊಳ್ಳೆ ಮಕ್ಕಳಿಗೆ ತರುತ್ತದೆ. ಕೊಟ್ಟಿಗೆ ದೂರ ಇರಲಿ, ಮಕ್ಕಳಿಗೆ ಸೊಳ್ಳೆಪರದೆ ಇರಲಿ. ಈ ಜ್ವರಕ್ಕೆ ಲಸಿಕೆ ಇದೆ. ಆಶಾ ಅಕ್ಕನನ್ನು ಕೇಳೋಣ.

ಹಂದಿಗೂ ಲಸಿಕೆ ಇದೆ. ಹಂದಿಜ್ವರ ಬಂದರೆ ಕೊಟ್ಟಿಗೆಯೇ ಖಾಲಿ. ಅದಕ್ಕೆ ಮೊದಲೇ ದನದ ದವಾಖಾನೆಯಲ್ಲಿ ಚುಚ್ಚಿಸಬೇಕು. 2020ರಲ್ಲಿ ಆಫ್ರಿಕದ ಹಂದಿಜ್ವರ ಎಂಬ ಬೇರೆ ರೋಗ ನಮ್ಮ ದೇಶಕ್ಕೂ ಬಂತು. ಅದು ಮನುಷ್ಯರಿಗೆ ತಗಲುವುದಿಲ್ಲ, ಹಂದಿಯನ್ನು ಮಾತ್ರ ಉಳಿಸುವುದಿಲ್ಲ. ಹೋಟೆಲಿನ ಮುಸುರೆಯಲ್ಲಿ ಮಾಂಸದ ಚೂರು ಇದ್ದರೆ ಅದರಿಂದಲೂ ಬರಬಹುದು. ಮುಸುರೆಯನ್ನು ಅರ್ಧ ತಾಸು ಕುದಿಸಿ, ಆರಿಸಿ ಹಾಕಬೇಕು. ಅದರ ಜೊತೆ ಜೋಳದ ನುಚ್ಚು, ತೌಡು, ಶೇಂಗಾ ಹಿಂಡಿ ಹಾಕಿದರೆ ಮೈ ಹಿಡಿಯುತ್ತದೆ.

ಇನ್ನೊಂದು ಲೆಕ್ಕ. ಹಂದಿ ಗಬ್ಬವಾಗಿ ಮರಿ ಹಾಕಲು ಸುಮಾರು 114 ದಿನ ಬೇಕು. ಅಂದರೆ ಮೂರು ತಿಂಗಳು, ಮೂರು ವಾರ, ಮೂರು ದಿನ. ಗಂಡಿಗೆ ಕೂಡಿಸಿದ ತಾರೀಖನ್ನು ಕೊಟ್ಟಿಗೆಯ ಗೋಡೆ ಮೇಲೆ ಇದ್ದಿಲಿನಿಂದ ಬರೆಯೋಣ. ಈಗ ನಮಗೆ ಬರೆಯಲು ಬರುತ್ತದಲ್ಲ. ಜೂನ್ 1 ಎಂದು ಬರೆದರೆ ಸೆಪ್ಟೆಂಬರ್ 23ರ ಆಸುಪಾಸು ಮರಿ ಬರುತ್ತವೆ. ಅದಕ್ಕೆ ಮೊದಲೇ ಒಣಹುಲ್ಲು ಹಾಸಿಡಬೇಕು. ಹುಟ್ಟಿದ ಮರಿಗೆ ಚಳಿ ಆಗುವುದಿಲ್ಲ, ತಾಯಿಗೆ ಸೆಕೆ ಆಗುವುದಿಲ್ಲ, ಅಂಥ ಮೂಲೆ ನೋಡಬೇಕು. ಸಿಮೆಂಟ್ ನೆಲದ ಮೇಲೆ ಬೆಳೆಯುವ ಮರಿಗಳಿಗೆ ರಕ್ತ ಕಡಿಮೆ ಆಗುತ್ತದೆ. ಮೂರನೆಯ ದಿನದ ಹೊತ್ತಿಗೆ ಕಬ್ಬಿಣಾಂಶದ ಚುಚ್ಚುಮದ್ದು ಕೊಡಿಸಬೇಕು. ಆ ತಾರೀಖನ್ನೂ ಗೋಡೆ ಮೇಲೆ ಬರೆದು, ಚುಚ್ಚಿಸಿದ ಮೇಲೆ ಅದರ ಮುಂದೆ ಒಂದು ಗೆರೆ ಎಳೆಯೋಣ.