ಭೋಪಾಲದ ಕಸ ಸುಟ್ಟಾಯ್ತು, ನೆಲದಡಿಯ ವಿಷದ ಕತೆ ಏನು?

2025ರ ಜನವರಿಯಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ 337 ಟನ್ ವಿಷಕಾರಿ ತ್ಯಾಜ್ಯ ಪೀಥಂಪುರಕ್ಕೆ ಹೋಯಿತು. ಸ್ಥಳೀಯರ ವಿರೋಧದ ನಡುವೆಯೇ ಅದನ್ನು ಸುಟ್ಟೂ ಆಯ್ತು. ಅಲ್ಲಿಗೆ ಕತೆ ಮುಗಿಯಿತು ಅಂದುಕೊಂಡರೆ ತಪ್ಪು. ಅದು ನೆಲದ ಮೇಲಿದ್ದ ಕಸ ಮಾತ್ರ. 1984ರ ದುರಂತಕ್ಕೂ ಮೊದಲೇ ಕಾರ್ಖಾನೆ ಗುಂಡಿಗಳಿಗೆ, ಹೊಂಡಗಳಿಗೆ ರಾಸಾಯನಿಕ ಸುರಿದಿತ್ತು. ಸುತ್ತಲಿನ ಅಂತರ್ಜಲದಲ್ಲಿ ಕ್ಲೋರೋಫಾರ್ಮ್, ಕಾರ್ಬನ್ ಟೆಟ್ರಾಕ್ಲೋರೈಡ್ ಇವೆ ಎಂದು 1999ರಲ್ಲಿ ಗ್ರೀನ್‌ಪೀಸ್ ವರದಿ ಮಾಡಿತು. ಅಲ್ಲಿನ ಬಡಾವಣೆಗಳಿಗೆ ಶುದ್ಧ ನೀರು ಕೊಡಿ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಸರಿ, ಆ ನೀರನ್ನು ಪಂಪ್ ಮಾಡಿ ತೆಗೆದು ಶುದ್ಧ ಮಾಡಿದರೆ ಆಗಲ್ವಾ? ಯಾಕೆ ಅಷ್ಟು ಸುಲಭವಲ್ಲ ಅನ್ನೋದನ್ನು ಎಕ್ಸ್-ರೇ ಕಣ್ಣಿಗೇ ತೋರಿಸುತ್ತದೆ.

ಆಸ್ಪತ್ರೆಯ ಸಿಟಿ ಸ್ಕ್ಯಾನ್ ಗೊತ್ತಲ್ಲ, ಮೈಕ್ರೋ-ಸಿಟಿ ಅದರದ್ದೇ ತಮ್ಮ. ಆಸ್ಪತ್ರೆಯಲ್ಲಿ ಯಂತ್ರ ರೋಗಿಯ ಸುತ್ತ ತಿರುಗುತ್ತದೆ; ಇಲ್ಲಿ ಸಾಮಾನ್ಯವಾಗಿ ಬೆರಳು ಗಾತ್ರದ ಮರಳಿನ ಕೊಳವೆಯೇ ತಿರುಗುತ್ತದೆ. ನೂರಾರು ಕೋನಗಳ ಚಿತ್ರಗಳನ್ನು ಕಂಪ್ಯೂಟರ್ ಜೋಡಿಸಿದಾಗ ಒಂದೊಂದು ಮರಳ ಕಣ, ಅವುಗಳ ನಡುವಿನ ಸಂದು ಎಲ್ಲ ಕಾಣುತ್ತವೆ. ನೀರು ಎದ್ದು ಕಾಣಲಿ ಅಂತ ಅದಕ್ಕೆ ಅಯೋಡಿನ್ ಲವಣ ಬೆರೆಸುತ್ತಾರೆ. ಸ್ಕ್ಯಾನಿಗೆ ಮೊದಲು ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ನಿನ ಉಪಾಯವೂ ಇದೇ.

ಒದ್ದೆ ಮರಳಿಗೆ ಇಂಥ ದ್ರಾವಕ ಹಾಯಿಸಿ, ಆಮೇಲೆ ನೀರು ನುಗ್ಗಿಸಿ ನೋಡಿದರೆ ಬಹುಪಾಲು ಹೊರಹೋಗುತ್ತದೆ. ಉಳಿದದ್ದು ಹನಿಹನಿಯಾಗಿ ಸಂದುಗಳಲ್ಲೇ ಕೂರುತ್ತದೆ. ಸಂದು ಅಗಲ, ಅದರ ಬಾಯಿ ಕಿರಿದು. ಆ ಬಾಯಲ್ಲಿ ಹನಿ ತೂರಬೇಕಾದರೆ ಬೇಕಾಗುವ ಒತ್ತಡ ಹರಿಯುವ ನೀರಿಗಿಲ್ಲ. ನೀರು ಪಕ್ಕದ ಸಲೀಸು ದಾರಿ ಹಿಡಿಯುತ್ತದೆ. ಆದರೆ ಸಿಕ್ಕಿಬಿದ್ದ ಹನಿ ಸುಮ್ಮನಿರಲ್ಲ, ಚೂರುಚೂರೇ ವರ್ಷಗಟ್ಟಲೆ ಕರಗುತ್ತದೆ. ಹಾಗಾಗಿ ಪಂಪ್ ಓಡುವಾಗ ನೀರು ಸುಧಾರಿಸಿದಂತೆ ಕಂಡು, ನಿಲ್ಲಿಸಿದ ಮೇಲೆ ವಿಷದ ಪ್ರಮಾಣ ಮತ್ತೆ ಏರಬಹುದು. ಸಾಲದ್ದಕ್ಕೆ, ಈ ಎರಡೂ ದ್ರಾವಕ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ತೇಲಲ್ಲ, ಬಿರುಕು ಸಿಕ್ಕಲ್ಲೆಲ್ಲ ಕೆಳಕ್ಕಿಳಿಯುತ್ತವೆ.

ಇಡೀ ಭೋಪಾಲವನ್ನು ಸ್ಕ್ಯಾನ್ ಮಾಡೋಕಾಗಲ್ಲ, ನಿಜ. ಎಲ್ಲಿ, ಎಷ್ಟು ಆಳದಲ್ಲಿ, ಎಷ್ಟಿದೆ ಅಂತ ತಿಳಿಯಲು ಜಾಗಜಾಗದಲ್ಲಿ ಕೊರೆದು ಮಣ್ಣು, ನೀರು ಪರೀಕ್ಷಿಸಲೇಬೇಕು. ಅದೂ ಒಂದು ಸಲ ಅಲ್ಲ, ವರ್ಷವರ್ಷವೂ. ದುಡ್ಡಿನ ಮಾತು ಬರೋದು ಇಲ್ಲಿಯೇ. ಕಾರ್ಬೈಡನ್ನು 2001ರಲ್ಲಿ ಡೌ ಕೆಮಿಕಲ್ ಕೊಂಡಿತು. ಹೆಚ್ಚುವರಿ ಪರಿಹಾರ ಕೇಳಿದ ಕೇಂದ್ರದ ಅರ್ಜಿಯನ್ನು 2023ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಹಾಗಾದರೆ ದಶಕಗಳ ಈ ಶುದ್ಧೀಕರಣದ ಬಿಲ್ ಯಾರ ಹೆಸರಿಗೆ?