ಒಂದಾಗಲು ತಗುಲಿದ ಇಪ್ಪತ್ತೆಂಟು ವರ್ಷ

ಒಬ್ಬನೇ ದೇವರನ್ನು, ಒಂದೇ ಗ್ರಂಥವನ್ನು ನಂಬಿದವರು ಒಂದೇ ಊರಿನಲ್ಲಿ ಬೇರೆ ಬೇರೆ ಚರ್ಚುಗಳಾಗಿ ಏಕೆ ಒಡೆದು ನಿಲ್ಲಬೇಕು? ಇಪ್ಪತ್ತನೇ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತದ ಕ್ರೈಸ್ತರನ್ನು ಕಾಡಿದ ಪ್ರಶ್ನೆಯಿದು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್‌ಬಿಟೇರಿಯನ್, ಕಾಂಗ್ರಿಗೇಷನಲ್ ಎಂಬ ಭೇದಗಳು ಹುಟ್ಟಿದ್ದು ಯುರೋಪಿನ ಇತಿಹಾಸದಲ್ಲಿ. ಮಿಷನರಿಗಳು ಸುವಾರ್ತೆಯೊಡನೆ ತಮ್ಮ ನಾಡಿನ ಹಳೆಯ ವ್ಯಾಜ್ಯಗಳ ಗಂಟನ್ನೂ ಇಲ್ಲಿಗೆ ಹೊತ್ತು ತಂದಿದ್ದರು.

ಆ ಗಂಟನ್ನು ಕೆಳಗಿಳಿಸುವ ಕೆಲಸಕ್ಕೆ ನಮ್ಮ ಬೆಂಗಳೂರಿನ ಪಾಲೂ ಇದೆ. ಹಲವು ಮಿಷನ್‌ಗಳು ಕೈಜೋಡಿಸಿ 1910ರಲ್ಲಿ ಇಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ಆರಂಭಿಸಿದವು. ಬೇರೆ ಬೇರೆ ಪಂಗಡಗಳ ಭಾವೀ ಸಭಾಪಾಲಕರು ಒಟ್ಟಿಗೆ ಓದಿದರು. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಸಭಾಪಾಲಕರು, ತಾವು ಸೃಷ್ಟಿಸದ ಭೇದಗಳಿಗೆ ತಾವೇಕೆ ಬದ್ಧರಾಗಬೇಕೆಂದು ಕೇಳಿ ಐಕ್ಯಕ್ಕೆ ಕರೆಯಿತ್ತರು. ಅವರ ಮುಂಚೂಣಿಯಲ್ಲಿದ್ದವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ವಿ.ಎಸ್. ಅಜರಯ್ಯ.

ಆದರೆ ಹಾದಿ ಸುಲಭವಾಗಿರಲಿಲ್ಲ. ಬಿಷಪ್ ನೀಡಿದ ದೀಕ್ಷೆಯೇ ದೀಕ್ಷೆ ಎಂಬುದು ಆಂಗ್ಲಿಕನ್ನರ ನಿಲುವು. ಬಿಷಪರೇ ಇಲ್ಲದ ಸಭೆಗಳಿಗೆ ಇದನ್ನು ಒಪ್ಪುವುದೆಂದರೆ ತಮ್ಮ ಸಭಾಪಾಲಕರನ್ನು ತಾವೇ ಹೀಗಳೆದಂತೆ. ಕೊನೆಗೆ ಎಲ್ಲರೂ ಒಂದಿಷ್ಟು ಬಿಟ್ಟುಕೊಟ್ಟರು. ಆಗಿದ್ದ ಎಲ್ಲ ಸಭಾಪಾಲಕರಿಗೂ ಮನ್ನಣೆ ದೊರೆಯಿತು. ಮುಂದಿನ ದೀಕ್ಷೆಗಳು ಬಿಷಪರಿಂದ ಎಂದಾಯಿತು. ಬಿಷಪರಾದರೋ ಚುನಾಯಿತರು, ಸಾಮಾನ್ಯ ಸದಸ್ಯರೂ ಇರುವ ಸಿನೊಡ್‌ನೊಡನೆ ಕೆಲಸ ಮಾಡಬೇಕಾದವರು. ಒಗ್ಗದ ಆರಾಧನಾ ಕ್ರಮವನ್ನು ಯಾವ ಸಭೆಯ ಮೇಲೂ ಹೇರಬಾರದೆಂಬ ಭರವಸೆಯೂ ಇತ್ತು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಉದಯಿಸಿತು. ದೇಶವು ಧರ್ಮದ ಹೆಸರಿನಲ್ಲಿ ಇಬ್ಭಾಗವಾಗಿ ರಕ್ತ ಹರಿಯುತ್ತಿದ್ದ ದಿನಗಳವು. ಅಜರಯ್ಯನವರು ಅದನ್ನು ಕಾಣಲು ಉಳಿದಿರಲಿಲ್ಲ, 1945ರಲ್ಲೇ ತೀರಿಕೊಂಡಿದ್ದರು. ನಂದ್ಯಾಲ ಭಾಗದ ಕೆಲವು ಆಂಗ್ಲಿಕನ್ನರು ಹೊರಗೇ ಉಳಿದರು. ಹಾಗಿದ್ದರೂ ಬಿಷಪರಿದ್ದ ಮತ್ತು ಬಿಷಪರಿಲ್ಲದ ಪರಂಪರೆಗಳು ಒಂದೇ ಆಡಳಿತದಡಿ ಬಂದದ್ದು ಜಾಗತಿಕ ಕ್ರೈಸ್ತ ಚರಿತ್ರೆಯಲ್ಲೇ ದೊಡ್ಡ ಘಟನೆ.

ಇಂದು ಅದೇ ಸಭೆಗೆ ಬೇರೆಯದೇ ಪರೀಕ್ಷೆ ಎದುರಾಗಿದೆ. ಅದರ ಅತ್ಯುನ್ನತ ಪದವಿಯಾದ ಮಾಡರೇಟರ್ ಸ್ಥಾನಕ್ಕೆ 2023ರಲ್ಲಿ ನಡೆದ ಚುನಾವಣೆಯ ವಿವಾದ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿತು. 2024ರಲ್ಲಿ ನ್ಯಾಯಾಲಯವು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ಆಡಳಿತಗಾರರನ್ನಾಗಿ ನೇಮಿಸಿತು. ಕಲಹ ದೇವತತ್ವದ್ದಲ್ಲ, ಅಧಿಕಾರದ್ದು. ಶಾಲೆ, ಆಸ್ಪತ್ರೆ, ಜಮೀನುಗಳ ಮೇಲ್ವಿಚಾರಣೆ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ಬಂದಾಗ, ಆರಾಧನೆಯಲ್ಲಿ ಒಂದಾದವರೂ ಬಣಗಳಾಗುತ್ತಾರೆ. ನಷ್ಟ ಮಾತ್ರ ಆ ಶಾಲೆಯ ಮಕ್ಕಳಿಗೆ, ಆಸ್ಪತ್ರೆಯ ರೋಗಿಗಳಿಗೆ.

ಶರೀರ ಒಂದು, ಅಂಗಗಳು ಹಲವು ಎಂಬ ಸಂತ ಪೌಲನ ಹೋಲಿಕೆಯನ್ನು ಪ್ರವಚನಗಳಲ್ಲಿ ಕೇಳದ ಕ್ರೈಸ್ತರಿಲ್ಲ. ಕಣ್ಣಿಗೆ ಕೈ ಬೇಡವೆನ್ನಲಾಗದು ಎಂಬುದು ಅದರ ತಿರುಳು. 1947ರ ಹಿರಿಯರು ಆ ಮಾತನ್ನು ಸಂವಿಧಾನದ ವಿಧಿಗಳಾಗಿ ಬರೆದಿಟ್ಟರು. ವಿಧಿಗಳು ಚುನಾವಣೆ ನಡೆಸಬಲ್ಲವು, ಬಿಟ್ಟುಕೊಡುವ ಮನಸ್ಸನ್ನು ಅವು ತಂದುಕೊಡಲಾರವು. ಅದನ್ನು ಪ್ರತಿ ತಲೆಮಾರೂ ತಾನೇ ಸಂಪಾದಿಸಬೇಕು.